ಸಾರಾ ವಾನ್ ಹಾಡಿದ ಒಂಬತ್ತು ಸ್ಟ್ಯಾಂಡರ್ಡ್‌ಗಳು: ಕೇಳುವ ಕ್ರಮ

ಜಾಝ್ ಗಾಯನ ಕೇಳಬೇಕೆಂದು ಹೊರಟವರು ಸಾಮಾನ್ಯವಾಗಿ ಒಂದು ಆಲ್ಬಮ್ ಹಾಕಿಕೊಂಡು ಮೊದಲಿನಿಂದ ಕೊನೆಯವರೆಗೆ ಒಂದೇ ಓಟದಲ್ಲಿ ಕೇಳುತ್ತಾರೆ. ದನಿಯೇನೋ ಚೆನ್ನಾಗಿದೆ, ಆದರೆ ಎಲ್ಲ ಹಾಡೂ ಒಂದೇ ಥರ ಅನ್ನಿಸಿತು ಎಂದು ಬಿಟ್ಟುಬಿಡುತ್ತಾರೆ. ಮೂಲ ಹಾಡಿನ ಮಟ್ಟು ಗೊತ್ತಿಲ್ಲದಿದ್ದರೆ ಹೀಗೇ ಆಗುತ್ತದೆ. ಕೃತಿಯ ವರಸೆ ಗೊತ್ತಿದ್ದವರಿಗೆ ಮಾತ್ರ ಸಂಗತಿ ಎಲ್ಲಿ ಹೊಸದಾಯಿತು ಎಂದು ತಿಳಿಯುತ್ತದಲ್ಲ, ಅದೇ ಲೆಕ್ಕ ಇಲ್ಲಿಯೂ. ಹಾಗಾಗಿ ಕೆಳಗೆ ಹೇಳಿರುವುದರಲ್ಲಿ ಅರ್ಧ ಕೆಲಸ ಅಮೆರಿಕದ ಜಾಝ್ ಗಾಯಕಿ ಸಾರಾ ವಾನ್ ಅವರನ್ನು ಕೇಳುವುದಕ್ಕೆ ಮುಂಚಿನದು.

ಇಲ್ಲಿ ಎತ್ತಿಕೊಂಡಿರುವುದು ಒಂದೇ ಆಲ್ಬಮ್. 1954ರ ಡಿಸೆಂಬರ್ 16 ಮತ್ತು 18ರಂದು ನ್ಯೂಯಾರ್ಕ್‌ನಲ್ಲಿ ಎಮಾರ್ಸಿ ಕಂಪನಿಗಾಗಿ ಧ್ವನಿಮುದ್ರಿಸಿದ್ದು, ಒಂಬತ್ತು ಹಾಡು, ಒಟ್ಟು ಮುಕ್ಕಾಲು ಗಂಟೆಯಷ್ಟು. ಮೊದಲು ಬಂದಾಗ ಅದರ ಹೆಸರು ಬರೀ 'ಸಾರಾ ವಾನ್' ಎಂದಿತ್ತು. ನಂತರದ ಮರುಮುದ್ರಣಗಳಲ್ಲಿ 'ಸಾರಾ ವಾನ್ ವಿತ್ ಕ್ಲಿಫರ್ಡ್ ಬ್ರೌನ್' ಆಯಿತು. ಆ್ಯಪ್‌ನಲ್ಲಿ ಎರಡೂ ಹೆಸರು ಹಾಕಿ ಹುಡುಕಿ. 'ಲಲಬೈ ಆಫ್ ಬರ್ಡ್‌ಲ್ಯಾಂಡ್' ಮೊದಲು, 'ಇಟ್ಸ್ ಕ್ರೇಜಿ' ಕೊನೆಗೆ ಇದ್ದರೆ ಸರಿಯಾದದ್ದು ಸಿಕ್ಕಿದೆ ಎಂದರ್ಥ. ಕೆಲವು ಸಂಗ್ರಹಗಳಲ್ಲಿ ಇದೇ ಹಾಡುಗಳನ್ನು ಸಾರಾ ಬೇರೆ ವರ್ಷ ಬೇರೆ ತಂಡದೊಂದಿಗೆ ಹಾಡಿದ್ದು ಬೆರೆತಿರುತ್ತದೆ. ಟಿಪ್ಪಣಿಯಲ್ಲಿ 1954 ಮತ್ತು ಕ್ಲಿಫರ್ಡ್ ಬ್ರೌನ್ ಹೆಸರು ಇಲ್ಲದಿದ್ದರೆ ಮುಂದೆ ಹೇಳುವುದು ಹೊಂದುವುದಿಲ್ಲ.

ಧ್ವನಿ ಹೊಂದಿಸಿಕೊಳ್ಳುವುದು

ಇದು ಮೋನೊ ಮುದ್ರಣ, ಅಂದರೆ ಎಡ ಬಲ ಎಂಬುದಿಲ್ಲ. ಒಂದೇ ಸ್ಪೀಕರ್ ಇದ್ದರೂ ಏನೂ ತಪ್ಪಿಹೋಗುವುದಿಲ್ಲ. ಹೆಡ್‌ಫೋನ್‌ನಲ್ಲಿ ಎಲ್ಲ ದನಿಯೂ ತಲೆಯ ಮಧ್ಯದಲ್ಲೇ ಕೇಳಿಸಬೇಕು. ಹಾಗಾಗದೆ ಪಿಯಾನೊ ಒಂದು ಕಡೆ, ಕಂಠ ಇನ್ನೊಂದು ಕಡೆ ಹರಡಿದಂತಿದ್ದರೆ ಅದು ಮೋನೊವನ್ನು ಆಮೇಲೆ ಕೃತಕವಾಗಿ ಸ್ಟೀರಿಯೊ ಮಾಡಿದ ಪ್ರತಿ. ಅದರಲ್ಲಿ ಕಂಠದ ಅಂಚು ಮಸುಕಾಗುತ್ತದೆ, ಬೇರೆ ಪ್ರತಿ ಹುಡುಕಿ. ಫೋನಿನಲ್ಲಿ ಸರೌಂಡ್, ಬಾಸ್ ಬೂಸ್ಟ್, ಈಕ್ವಲೈಜರ್ ಎಲ್ಲವನ್ನೂ ಆಫ್ ಮಾಡಿ. ಬಾಸ್ ಹೆಚ್ಚಿಸಿದರೆ ಸಾರಾ ಅವರ ಮಂದ್ರದ ಸ್ವರಗಳೂ ಡಬಲ್ ಬಾಸ್‌ನ ತಂತಿಯೂ ಒಂದಕ್ಕೊಂದು ಅಂಟಿಕೊಳ್ಳುತ್ತವೆ, ಈ ಆಲ್ಬಮ್‌ನಲ್ಲಿ ಅವೆರಡನ್ನು ಬೇರೆ ಬೇರೆಯಾಗಿ ಕೇಳುವುದೇ ಮುಖ್ಯ. ಎಲ್‌ಪಿ ಇದ್ದವರು ಆಂಪ್ಲಿಫೈಯರ್‌ನಲ್ಲಿ ಮೋನೊ ಬಟನ್ ಇದ್ದರೆ ಒತ್ತಿ, ಚಿಟಪಟ ಸದ್ದು ಬಹಳಷ್ಟು ತಗ್ಗುತ್ತದೆ. ವಾಲ್ಯೂಮ್ ಎಷ್ಟಿರಬೇಕು? ಡ್ರಮ್ ಮೇಲೆ ಬ್ರಷ್ ಉಜ್ಜುವ ಸದ್ದು ಸ್ಪಷ್ಟವಾಗಿ ಕೇಳಬೇಕು, ಟ್ರಂಪೆಟ್ ಬಂದಾಗ ಕಿವಿ ಚುಚ್ಚಬಾರದು. ಅಷ್ಟು.

ಯಾರು ಯಾರಿದ್ದಾರೆ

ಪಿಯಾನೊ ಜಿಮ್ಮಿ ಜೋನ್ಸ್, ಬಾಸ್ ಜೋ ಬೆಂಜಮಿನ್, ಡ್ರಮ್ಸ್ ರಾಯ್ ಹೇನ್ಸ್. ಈ ಮೂವರೇ ತಳಪಾಯ. ಅದರ ಮೇಲೆ ಟ್ರಂಪೆಟ್ ಕ್ಲಿಫರ್ಡ್ ಬ್ರೌನ್, ಟೆನರ್ ಸ್ಯಾಕ್ಸೊಫೋನ್ ಪಾಲ್ ಕ್ವಿನಿಶೆಟ್, ಕೊಳಲು ಹರ್ಬಿ ಮ್ಯಾನ್. ವಾದ್ಯಗಳ ಹೊಂದಾಣಿಕೆ ಬರೆದು ತಂಡ ನಡೆಸಿದವರು ಅರ್ನಿ ವಿಲ್ಕಿನ್ಸ್. ನಮ್ಮಲ್ಲಿ ಸ್ಯಾಕ್ಸೊಫೋನ್ ಎಂದರೆ ಕದ್ರಿ ಗೋಪಾಲನಾಥ್ ಅವರ ನಾದ ಕಿವಿಯಲ್ಲಿರುತ್ತದೆ. ಅದು ಆಲ್ಟೊ. ಇಲ್ಲಿರುವ ಟೆನರ್ ಅದಕ್ಕಿಂತ ತಗ್ಗು ಸ್ಥಾಯಿಯದು, ಉಸಿರು ಬೆರೆತ ಮೃದುವಾದ ದನಿ. ಆ ವ್ಯತ್ಯಾಸ ಒಂದು ಸಲ ಮನಸ್ಸಿಗೆ ಹತ್ತಿದರೆ ಮೂರು ಊದುವಾದ್ಯಗಳೂ ಬಿಡಿಬಿಡಿಯಾಗಿ ಕೇಳುತ್ತವೆ: ಕೊಳಲು ಮೇಲೆ, ಟ್ರಂಪೆಟ್ ನಡುವೆ ಹೊಳಪಿನಿಂದ, ಟೆನರ್ ಕೆಳಗೆ. ಬ್ರೌನ್‌ಗೆ ಆಗ 24 ವರ್ಷ. ಒಂದೂವರೆ ವರ್ಷದ ನಂತರ, 1956ರ ಜೂನ್‌ನಲ್ಲಿ ಕಾರು ಅಪಘಾತದಲ್ಲಿ ತೀರಿಕೊಂಡರು.

ಸಾರಾ ಹುಟ್ಟಿದ್ದು 1924ರಲ್ಲಿ, ನ್ಯೂಜೆರ್ಸಿಯ ನ್ಯೂಆರ್ಕ್‌ನಲ್ಲಿ. ಚಿಕ್ಕಂದಿನಿಂದ ಪಿಯಾನೊ ಕಲಿತವರು, ಚರ್ಚಿನಲ್ಲಿ ನುಡಿಸಿದವರು. ಪಿಯಾನೊ ವಾದಕ ಅರ್ಲ್ ಹೈನ್ಸ್ ಅವರ ತಂಡಕ್ಕೆ ಸೇರಿದಾಗಲೂ ಗಾಯನದ ಜೊತೆಗೆ ಎರಡನೇ ಪಿಯಾನೊ ಅವರದೇ. ಅಲ್ಲಿ ಸ್ಯಾಕ್ಸೊಫೋನ್‌ನ ಚಾರ್ಲಿ ಪಾರ್ಕರ್, ಟ್ರಂಪೆಟ್‌ನ ಡಿಝಿ ಗಿಲೆಸ್ಪಿ ಪಕ್ಕದಲ್ಲೇ ಇದ್ದರು. ಈ ವಿವರ ನೆನಪಿರಲಿ, ಮುಂದೆ ಬೇಕಾಗುತ್ತದೆ. ಈಕೆ ಸ್ವರವನ್ನು ಆರಿಸಿಕೊಳ್ಳುವುದು ಪಿಯಾನೊ ಬಲ್ಲವರ ಹಾಗೆ, ಕೆಳಗೆ ಯಾವ ಕಾರ್ಡ್ (ಒಟ್ಟಿಗೆ ನುಡಿಸುವ ಸ್ವರಗಳ ಗುಂಪು) ಇದೆ ಎಂದು ತಿಳಿದು.

ಮೊದಲು ಬರೀ ಮಟ್ಟು

ಸ್ಟ್ಯಾಂಡರ್ಡ್ ಎಂದರೆ ಎಲ್ಲರೂ ಹಾಡುವ ಹಾಡು. ಹೆಚ್ಚಿನವು ಬ್ರಾಡ್‌ವೇ ನಾಟಕಕ್ಕೋ ಸಿನಿಮಾಕ್ಕೋ ಬರೆದವು, ನಾಟಕ ಮರೆತುಹೋದರೂ ಹಾಡು ಉಳಿಯಿತು. 'ಏಪ್ರಿಲ್ ಇನ್ ಪ್ಯಾರಿಸ್' 1932ರದು, 'ಸೆಪ್ಟೆಂಬರ್ ಸಾಂಗ್' 1938ರ ನಾಟಕದ್ದು, 'ಎಂಬ್ರೇಸಬಲ್ ಯು' 1930ರಲ್ಲಿ ರಂಗಕ್ಕೆ ಬಂದದ್ದು. 'ಲಲಬೈ ಆಫ್ ಬರ್ಡ್‌ಲ್ಯಾಂಡ್' ಮಾತ್ರ ಆಗಿನ್ನೂ ಹೊಸದು: ಪಿಯಾನೊ ವಾದಕ ಜಾರ್ಜ್ ಶಿಯರಿಂಗ್ 1952ರಲ್ಲಿ ಕಟ್ಟಿದ ಮಟ್ಟು. ಪಾರ್ಕರ್ ಅವರ 'ಬರ್ಡ್' ಎಂಬ ಅಡ್ಡಹೆಸರಿನಿಂದ ಹೆಸರಾದ ನ್ಯೂಯಾರ್ಕಿನ ಕ್ಲಬ್ಬಿನ ಮೇಲಿನ ಹಾಡು ಅದು.

ಪ್ರತಿ ಹಾಡಿಗೂ ಹೆಚ್ಚು ಅಲಂಕಾರವಿಲ್ಲದ ಇನ್ನೊಂದು ಮುದ್ರಣ ಹುಡುಕಿ, ಮಟ್ಟು ನಿಮ್ಮ ಬಾಯಲ್ಲಿ ಗುನುಗುವಷ್ಟು ಕೇಳಿ. ನಾಲ್ಕೈದು ಸಲ ಸಾಕು. 'ಲಲಬೈ'ಗೆ ಶಿಯರಿಂಗ್ ಅವರದೇ ವಾದ್ಯ ಮುದ್ರಣ ಇದೆ. 'ಸೆಪ್ಟೆಂಬರ್ ಸಾಂಗ್'ಗೆ ವಾಲ್ಟರ್ ಹ್ಯೂಸ್ಟನ್ ಹಾಡಿದ್ದಕ್ಕಿಂತ ಒಳ್ಳೆಯ ಪಾಠ ಇನ್ನೊಂದಿಲ್ಲ. ಹ್ಯೂಸ್ಟನ್ ನಟ, ಗಾಯಕರಲ್ಲ. ಅವರ ಮಿತವಾದ ಕಂಠಕ್ಕೆ ಹೊಂದುವಂತೆ ಕುರ್ಟ್ ವೈಲ್ ಸಂಗೀತ ಕಟ್ಟಿದರು. ಮಾತಾಡಿದ ಹಾಗೆ ಹಾಡುತ್ತಾರೆ, ಸ್ವರ ಎಳೆಯುವುದೇ ಇಲ್ಲ. ವಯಸ್ಸಾದವನೊಬ್ಬ ಚಿಕ್ಕ ಹುಡುಗಿಗೆ, ನನಗೆ ಉಳಿದಿರುವ ದಿನ ಕಡಿಮೆ, ಕಾಯುವ ಆಟಕ್ಕೆ ಸಮಯವಿಲ್ಲ ಎನ್ನುವ ಹಾಡು. ಅದನ್ನು ಕೇಳಿ ಕೂಡಲೇ ಸಾರಾ ಅವರದ್ದು ಹಾಕಿ. ಹ್ಯೂಸ್ಟನ್ ಒಂದು ಸ್ವರದಲ್ಲಿ ಮುಗಿಸಿದ ಪದಕ್ಕೆ ಸಾರಾ ಎಷ್ಟು ಸ್ವರ ಕೊಡುತ್ತಾರೆ, ಯಾವ ಪದವನ್ನು ಮುಟ್ಟದೆ ಹಾಗೇ ಬಿಡುತ್ತಾರೆ, ಇವೆರಡನ್ನೇ ಗುರುತು ಹಾಕಿಕೊಳ್ಳಿ.

ಒಂದು ಗೊಂದಲ ತಪ್ಪಿಸಿಕೊಳ್ಳಿ. ಸ್ಟ್ಯಾಂಡರ್ಡ್‌ಗಳ ಬಗ್ಗೆ ಓದುವಾಗ 'ಕೋರಸ್' ಎಂಬ ಮಾತು ಪದೇ ಪದೇ ಬರುತ್ತದೆ. ನಮ್ಮಲ್ಲಿ ಕೋರಸ್ ಎಂದರೆ ಹಿಂದೆ ನಿಂತು ಗುಂಪಾಗಿ ಹಾಡುವವರು. ಅಲ್ಲಿ ಅದು ಹಾಡಿನ ಮುಖ್ಯ ಶರೀರ, ಒಂದು ಪೂರ್ತಿ ಸುತ್ತು. 'ವರ್ಸ್' ಎಂಬುದು ನಾಟಕದಲ್ಲಿ ಅದಕ್ಕೂ ಮುಂಚೆ ಬರುತ್ತಿದ್ದ ಪೀಠಿಕೆ. ಜಾಝ್ ಗಾಯಕರು ಬಹುತೇಕ ಅದನ್ನು ಬಿಟ್ಟು ನೇರ ಕೋರಸ್‌ಗೇ ಹೋಗುತ್ತಾರೆ.

ಲೆಕ್ಕ ಇಟ್ಟುಕೊಳ್ಳುವುದು

ಒಂದು ಬಾರ್‌ಗೆ 4 ಬಡಿತ, ಒಂದು ಸುತ್ತಿಗೆ ಸಾಮಾನ್ಯವಾಗಿ 32 ಬಾರ್. ಅಂದರೆ 128 ಬಡಿತ. ಆದಿತಾಳ ಹಾಕಿ ರೂಢಿಯಿದ್ದವರಿಗೆ ಇದು ಸುಲಭ: ಎರಡು ಬಾರ್‌ಗೆ ಒಂದು ಆವರ್ತ, 16 ಆವರ್ತಕ್ಕೆ ಒಂದು ಸುತ್ತು. ಈ 32 ಬಾರ್ ಎಂಟೆಂಟರ ನಾಲ್ಕು ಭಾಗವಾಗುತ್ತದೆ. 'ಲಲಬೈ' ಮತ್ತು 'ಸೆಪ್ಟೆಂಬರ್ ಸಾಂಗ್'ನಲ್ಲಿ ಮೊದಲ, ಎರಡನೇ, ನಾಲ್ಕನೇ ಭಾಗ ಒಂದೇ ಮಟ್ಟು, ಮೂರನೆಯದು ಬೇರೆ. ಆ ಮೂರನೆಯದಕ್ಕೆ ಬ್ರಿಜ್ ಎನ್ನುತ್ತಾರೆ. 'ಎಂಬ್ರೇಸಬಲ್ ಯು' ಹಾಗಲ್ಲ. ಅದರಲ್ಲಿ ಒಂದನೆಯದೂ ಮೂರನೆಯದೂ ಒಂದೇ ರೀತಿ ಎತ್ತುಗಡೆಯಾಗಿ, ಎರಡು ಮತ್ತು ನಾಲ್ಕನೆಯ ಭಾಗ ಬೇರೆ ಬೇರೆ ದಾರಿ ಹಿಡಿಯುತ್ತವೆ.

ಕೈಬೆರಳಲ್ಲಿ ಎಣಿಸಿ: ಪ್ರತಿ ಬಾರ್‌ನ ಮೊದಲ ಬಡಿತಕ್ಕೆ ಬಾರ್ ಸಂಖ್ಯೆ ಹೇಳಿ. ಒಂದು-ಎರಡು-ಮೂರು-ನಾಲ್ಕು, ಎರಡು-ಎರಡು-ಮೂರು-ನಾಲ್ಕು, ಹೀಗೆ ಎಂಟರವರೆಗೆ. ಆದಿತಾಳದವರು ಎಡವುವುದು ಒತ್ತಿನ ವಿಷಯದಲ್ಲಿ. ನಮ್ಮ ಘಾತ ಮೊದಲ ಅಕ್ಷರಕ್ಕೆ ಬೀಳುತ್ತದೆ, ಇಲ್ಲಿ ಒತ್ತು 2 ಮತ್ತು 4ಕ್ಕೆ. 'ಲಲಬೈ'ಯಂಥ ನಡೆಯಿರುವ ಹಾಡಿನಲ್ಲಿ ಡ್ರಮ್ಸ್‌ನ ಜೋಡಿ ತಾಳ, ಹೈ-ಹ್ಯಾಟ್, 'ಚಕ್' ಎಂದು ಮುಚ್ಚಿಕೊಳ್ಳುವುದು ಅಲ್ಲಿಯೇ. ಚಿಟಿಕೆ ಅದಕ್ಕೆ ಹಾಕಿ. ನಿಧಾನದ ಹಾಡುಗಳಲ್ಲಿ ಬ್ರಷ್‌ನ ಸದ್ದು ಹೊಗೆಯ ಹಾಗೆ ಹರಡಿಕೊಂಡಿರುವುದರಿಂದ ಡ್ರಮ್ಸ್ ನಂಬಿ ಎಣಿಸಿದರೆ ಲೆಕ್ಕ ತಪ್ಪುತ್ತದೆ. ಅಲ್ಲಿ ಬಾಸ್ ಹಿಡಿಯಿರಿ. ಬಾಸ್ ಒಂದು ಬಾರ್‌ಗೆ ಎರಡು ಸ್ವರ ಮಾತ್ರ ಮೀಟುತ್ತಿದೆಯೋ ನಾಲ್ಕು ಮೀಟುತ್ತಿದೆಯೋ ಗಮನಿಸಿ. ಎರಡರಿಂದ ನಾಲ್ಕಕ್ಕೆ ಹೋದ ಗಳಿಗೆಯಲ್ಲಿ ವೇಗ ಅದೇ ಇದ್ದರೂ ಹಾಡು ನಡೆಯಲು ಶುರುಮಾಡಿದ ಹಾಗೆ ಅನ್ನಿಸುತ್ತದೆ.

ನಿಮಿಷಕ್ಕೆ 64 ಬಡಿತದ ನಿಧಾನಗತಿಯಲ್ಲಿ 128 ಬಡಿತಕ್ಕೆ ಸರಿಯಾಗಿ 2 ನಿಮಿಷ ಬೇಕು. ಹಾಗಾಗಿ ನಿಧಾನದ ಹಾಡಿನಲ್ಲಿ ಎರಡು ಸುತ್ತಿಗಿಂತ ಹೆಚ್ಚಿಗೆ ಜಾಗವಿರುವುದಿಲ್ಲ. ಸಾರಾ ಒಂದು ಸಾಲನ್ನು ಬದಲಿಸಿ ಹಾಡಲು ಸಿಗುವ ಅವಕಾಶ ಅಷ್ಟೇ ಸಣ್ಣದು. ನೆರವಲ್‌ನಲ್ಲಿ ಒಂದೇ ಸಾಲಿನ ಮೇಲೆ ಹತ್ತು ನಿಮಿಷ ನಿಲ್ಲುವುದನ್ನು ಕೇಳಿದ ಕಿವಿಗೆ ಇದು ಅವಸರ ಅನ್ನಿಸಬಹುದು. ಬದಲಾವಣೆ ಒಂದೇ ಸಲ ಬಂದು ಹೋಗುತ್ತದೆ, ಅದಕ್ಕೇ ಮತ್ತೆ ಮತ್ತೆ ಹಿಂದಕ್ಕೆ ಹಾಕಿ ಕೇಳಬೇಕು.

ಕೆಳಗಿನ ನೆಲ ಸರಿಯುವುದು

ನಮ್ಮ ಸಂಗೀತದ ಕೇಳುಗರಿಗೆ ನಿಜವಾದ ತೊಡಕು ಇಲ್ಲಿದೆ, ಇದಕ್ಕೆ ಒಂದು ಸಂಜೆ ಕೊಡಿ. ತಂಬೂರಿಯಲ್ಲಿ ಷಡ್ಜ ಕಡೆಯವರೆಗೂ ಅಲುಗುವುದಿಲ್ಲ. ಗಾಂಧಾರ ಎಂದರೆ ಆ ಷಡ್ಜಕ್ಕೆ ಗಾಂಧಾರ. ಜಾಝ್‌ನಲ್ಲಿ ಕೆಳಗಿನ ಕಾರ್ಡ್ ಬಾರ್ ಬಾರ್‌ಗೂ ಬದಲಾಗುತ್ತದೆ, ಮೇಲೆ ಹಿಡಿದ ಸ್ವರ ಅದೇ ಇದ್ದರೂ ಅದರ ಬಣ್ಣ ಬೇರೆಯಾಗುತ್ತದೆ.

ಕೀಬೋರ್ಡ್ ಅಥವಾ ಫೋನಿನ ಪಿಯಾನೊ ಆ್ಯಪ್ ಸಾಕು. 'ಸಿ' ಸ್ವರವನ್ನು ಬಾಯಲ್ಲಿ 'ಆ' ಎಂದು ಹಿಡಿಯಿರಿ, ಬಿಡಬೇಡಿ. ಕೈಯಲ್ಲಿ ಮೊದಲು ಸಿ-ಇ-ಜಿ ಒತ್ತಿ. ನಿಮ್ಮ ಸ್ವರ ಮನೆಯಲ್ಲಿ ಕೂತ ಹಾಗಿರುತ್ತದೆ. ಈಗ ಎ-ಸಿ-ಇ. ಅದೇ ಸ್ವರ ಸ್ವಲ್ಪ ಮಂಕಾಯಿತು, ಏಕೆಂದರೆ ಅದೀಗ 'ಎ'ಗೆ ಕೋಮಲ ಗಾಂಧಾರ. ಎಫ್-ಎ-ಸಿ ಒತ್ತಿದರೆ ಅದು ಪಂಚಮ, ಗಟ್ಟಿಯಾಗಿ ನಿಲ್ಲುತ್ತದೆ. ಡಿ-ಎಫ್-ಎ-ಸಿ ಒತ್ತಿದರೆ ಅದು ಕೋಮಲ ನಿಷಾದ, ಎಲ್ಲಿಗೋ ಜಾರಬೇಕು ಅನ್ನಿಸುತ್ತದೆ. ನಿಮ್ಮ ಕಂಠ ಒಂದಿಷ್ಟೂ ಅಲುಗಿಲ್ಲ. ಇದನ್ನು ಹತ್ತು ಸಲ ಮಾಡಿ ಆಮೇಲೆ ಸಾರಾ ಒಂದು ಸ್ವರವನ್ನು ಉದ್ದಕ್ಕೆ ಹಿಡಿದ ಜಾಗಕ್ಕೆ ಹೋಗಿ. ಅವರು ಯಾಕೆ ಅಲ್ಲಿ ಕಾಯುತ್ತಿದ್ದಾರೆ ಎಂಬುದು ಜಿಮ್ಮಿ ಜೋನ್ಸ್‌ರ ಎಡಗೈ ಬಲಗೈಗಳಲ್ಲಿ ಕೇಳಿಸುತ್ತದೆ. ಕಾರ್ಡ್ ಬದಲಾಗುವುದನ್ನು ಸಾರಾ ಮೊದಲೇ ಬಲ್ಲರು, ಸ್ವರವನ್ನು ಅದಕ್ಕಾಗಿಯೇ ಇಟ್ಟಿರುತ್ತಾರೆ.

ಆರನೇ ಹಾಡಿನಿಂದ ಶುರು

ಮೊದಲ ಹಾಡಿನಿಂದ ಶುರುಮಾಡಬೇಡಿ. 'ಎಂಬ್ರೇಸಬಲ್ ಯು' ಆರನೆಯದು. ಅದರಲ್ಲಿ ಊದುವಾದ್ಯಗಳಿಲ್ಲ, ಸಾರಾ ಜೊತೆಗೆ ಪಿಯಾನೊ, ಬಾಸ್, ಡ್ರಮ್ಸ್ ಅಷ್ಟೇ. ಐದು ನಿಮಿಷಕ್ಕಿಂತ ಸ್ವಲ್ಪ ಕಡಿಮೆ. ಮೊದಲ ದಿನ ಇದೊಂದನ್ನೇ ಐದು ಸಲ ಕೇಳಿ. ಒಂದು ಸಲ ಏನೂ ಮಾಡದೆ. ಎರಡನೇ ಸಲ ಬಾಸ್ ಮಾತ್ರ. ಮೂರನೇ ಸಲ ಪಿಯಾನೊ, ಅದರಲ್ಲೂ ಸಾರಾ ಉಸಿರು ತೆಗೆದುಕೊಳ್ಳುವ ಸಂದಿಯಲ್ಲಿ ಅದು ಏನು ತುಂಬುತ್ತದೆ ಎಂಬುದನ್ನು. ನಾಲ್ಕನೇ ಸಲ ಬಡಿತ ಎಣಿಸುತ್ತಾ. ಕಂಠಕ್ಕೆ ಕಿವಿ ಕೊಡುವುದು ಐದನೇ ಸಲ. ಅಷ್ಟು ಹೊತ್ತಿಗೆ ಉಳಿದದ್ದೆಲ್ಲ ಗೊತ್ತಿರುವುದರಿಂದ ಕಂಠ ಎಲ್ಲಿ ನಿಂತಿದೆ ಎಂಬುದು ತಾನಾಗಿ ತಿಳಿಯುತ್ತದೆ.

ಕಂಠದಲ್ಲಿ ಹುಡುಕಬೇಕಾದದ್ದು ಬಹಳ ಇದೆ, ಮೊದಲಿಗೆ ಕಂಪನ ಹಿಡಿಯಿರಿ. ಉದ್ದದ ಸ್ವರವನ್ನು ಸಾರಾ ಹಲವು ಸಲ ಸಮವಾಗಿ, ಗೆರೆ ಎಳೆದ ಹಾಗೆ ಶುರುಮಾಡಿ, ಕೊನೆಯ ಭಾಗದಲ್ಲಿ ಮಾತ್ರ ಅಲೆ ಬಿಡಿಸುತ್ತಾರೆ. ಅಲೆ ಮೊದಲು ಸಣ್ಣದು, ಆಮೇಲೆ ಅಗಲ. ನೀರಿಗೆ ಹಾಕಿದ ಕಲ್ಲಿನ ಸುತ್ತ ಬಳೆ ದೊಡ್ಡದಾಗುತ್ತದಲ್ಲ, ಹಾಗೆ. ಇದನ್ನು ನಮ್ಮ ಕಂಪಿತಕ್ಕೆ ಹೋಲಿಸಿದರೆ ದಾರಿ ತಪ್ಪುತ್ತದೆ. ಕಂಪಿತ ರಾಗದ ಲಕ್ಷಣದ ಭಾಗ, ಇಂಥ ಸ್ವರಕ್ಕೆ ಬೇಕೇ ಬೇಕು. ಇಲ್ಲಿ ಕಂಪನ ಎಲ್ಲಿ, ಎಷ್ಟು, ಯಾವಾಗ ಎಂಬುದೆಲ್ಲ ಗಾಯಕಿಯ ಇಷ್ಟ. ಅದನ್ನು ಇಷ್ಟು ಹದವಾಗಿ ಬಳಸಿದವರು ಜಾಝ್ ಗಾಯಕಿಯರಲ್ಲಿ ಕಡಿಮೆ. ಎರಡನೆಯದು ಸ್ಥಾಯಿಯ ಇಳಿತ. ಮೇಲೆ ತೆಳುವಾಗಿ ಹೊಳೆಯುತ್ತಿದ್ದ ದನಿ ಸಾಲಿನ ಕೊನೆಗೆ ಮಂದ್ರಕ್ಕೆ ಇಳಿದಾಗ ಬೇರೆ ಯಾರೋ ಹಾಡಿದಷ್ಟು ಗಾಢವಾಗುತ್ತದೆ, ಆದರೂ ನಡುವೆ ಎಲ್ಲಿಯೂ ಹೊಲಿಗೆ ಕಾಣುವುದಿಲ್ಲ. ಮೂರನೆಯದು ತಡ. ಮಟ್ಟು ಗೊತ್ತಿದ್ದರೆ ಪದ ಎಲ್ಲಿ ಬೀಳಬೇಕಿತ್ತು ಎಂದು ಗೊತ್ತಿರುತ್ತದೆ. ಸಾರಾ ಬಡಿತ ದಾಟಿದ ಮೇಲೆ ಪದ ಎತ್ತುತ್ತಾರೆ, ಮುಂದಿನ ಪದಗಳನ್ನು ಒತ್ತೊತ್ತಾಗಿ ಸೇರಿಸಿ ಸಾಲಿನ ಕೊನೆಗೆ ಸರಿಯಾಗಿ ಬಂದು ಸೇರುತ್ತಾರೆ. ಬಾಸ್ ಒಂದಿಷ್ಟೂ ಕಾಯುವುದಿಲ್ಲ. ಕಂಠ ಹಿಂದೆ, ಬಾಸ್ ಸಮಕ್ಕೆ: ಈ ಎಳೆತ ಕೇಳಿಸಿದ ದಿನ ಹಾಡುಗಳು ಒಂದೇ ಥರ ಅನ್ನಿಸುವುದು ನಿಂತುಹೋಗುತ್ತದೆ.

ಸ್ವರದ ಕೆಳಗಿನಿಂದ ಜಾರಿ ಬಂದು ಸೇರುವುದನ್ನು ಶ್ರುತಿ ತಪ್ಪಿತು ಎಂದು ಕೆಲವರು ಎಣಿಸುತ್ತಾರೆ. ಆ ಸ್ವರ ಕೊನೆಗೆ ಎಲ್ಲಿ ನಿಲ್ಲುತ್ತದೆ ಎಂದು ನೋಡಿ ತೀರ್ಮಾನಿಸಿ. ಸೇರುವ ಜಾಗ ಪಿಯಾನೊಗೆ ಕೂದಲೆಳೆಯಷ್ಟೂ ಆಚೀಚೆ ಇರುವುದಿಲ್ಲ.

ವಾದ್ಯ ಬಂದಾಗ ಏನು ಮಾಡಬೇಕು

ಸಿನಿಮಾ ಹಾಡಿನಲ್ಲಿ ಪಲ್ಲವಿ, ಚರಣಗಳ ನಡುವೆ ಬರುವ ಬಿಜಿಎಂ ಬೇರೆಯೇ ಸಂಗೀತ. ಅದಕ್ಕೆ ಅದರದೇ ಮಟ್ಟು ಬರೆದಿರುತ್ತಾರೆ. ಆ ಅಭ್ಯಾಸದಿಂದ ಜಾಝ್‌ನಲ್ಲಿ ಟ್ರಂಪೆಟ್ ಶುರುವಾದೊಡನೆ ಗಮನ ಸಡಿಲವಾಗುತ್ತದೆ. ಇಲ್ಲಿ ಸೋಲೊ, ಅಂದರೆ ಒಂದು ವಾದ್ಯ ಮುಂದೆ ಬಂದು ನುಡಿಸುವ ಭಾಗ, ನಡೆಯುವುದು ಹಾಡಿನದೇ ಬಾರ್‌ಗಳ ಮೇಲೆ, ಹಾಡಿನದೇ ಕಾರ್ಡ್‌ಗಳ ಮೇಲೆ. ಬ್ರೌನ್ ನುಡಿಸುವಾಗ ನೀವು ಮೂಲ ಹಾಡನ್ನು ಮನಸ್ಸಿನಲ್ಲೇ ಹಾಡುತ್ತಿರಿ. ಸಾರಾ ಮತ್ತೆ ಬಂದಾಗ ನೀವೂ ಅವರೂ ಒಂದೇ ಸಾಲಿನಲ್ಲಿ ಇರಬೇಕು. ತಪ್ಪಿದ್ದರೆ ಹೆಚ್ಚಾಗಿ ಕಾರಣ ಒಂದೇ: ನಿಧಾನದ ಹಾಡಿನಲ್ಲಿ ಸೋಲೊಗೆ ಪೂರ್ತಿ ಸುತ್ತು ಕೊಡದೆ ಅರ್ಧ ಕೊಡುವ ರೂಢಿ ಇದೆ, ಗಾಯಕಿ ಹಾಡಿನ ನಡುವಿಗೆ, ಬ್ರಿಜ್‌ಗೆ ಸೇರಿಕೊಳ್ಳುತ್ತಾರೆ. ನೀವು ಮೊದಲ ಸಾಲಿಗೆ ಕಾಯುತ್ತಾ ಕೂತಿರುತ್ತೀರಿ.

ಟ್ರಂಪೆಟ್ ಬಾಯಿಗೆ ಮ್ಯೂಟ್ ಎಂಬ ಮುಚ್ಚಳ ಹಾಕಿದೆಯೋ ಇಲ್ಲವೋ ಹೇಳುವುದನ್ನೂ ಕಲಿಯಿರಿ. ಹಾಕಿದ್ದರೆ ದನಿ ಸಣ್ಣದಾಗಿ, ಬಿಗಿಯಾಗಿ, ಮೂಗಿನಿಂದ ಬಂದ ಹಾಗಿರುತ್ತದೆ. ತೆರೆದಿದ್ದರೆ ದುಂಡಗೆ. ಬ್ರೌನ್ ಅವರ ಸ್ವರಗಳು ಎಷ್ಟೇ ವೇಗದಲ್ಲೂ ಒಂದೊಂದೂ ಬಿಡಿಸಿಟ್ಟ ಹಾಗಿರುತ್ತವೆ. ಸಾರಾ ಅವರ ಒಂದು ಸಾಲು, ಬ್ರೌನ್ ಅವರ ಒಂದು ಸಾಲು, ಎರಡನ್ನೂ ಬಾಯಲ್ಲಿ ಹಾಡಲು ನೋಡಿ. ಸಾರಾ ಎಷ್ಟು ಕಡೆ ಟ್ರಂಪೆಟ್‌ನಂತೆ ಯೋಚಿಸುತ್ತಾರೆ ಎಂಬುದು ಹಾಡಲು ಹೋದಾಗಲೇ ಗೊತ್ತಾಗುವುದು.

'ಲಲಬೈ'ಯಲ್ಲಿ ಪದವಿಲ್ಲದೆ ಬರೀ ಉಲಿಗಳಲ್ಲಿ ಹಾಡುವುದಿದೆ, ಅದು ಸ್ಕ್ಯಾಟ್. ಕಲ್ಪನಾಸ್ವರದಂತೆ ಅದರಲ್ಲಿ ಸ್ವರದ ಹೆಸರು ಹುಡುಕಬೇಡಿ, ಕೊನ್ನಕ್ಕೋಲಿನಂತೆ ಜತಿಯ ಅಕ್ಷರವೂ ಅಲ್ಲ. ಊದುವಾದ್ಯದ ತುಟಿ, ನಾಲಿಗೆಗಳ ಹೊಡೆತವನ್ನು ಬಾಯಿ ಅನುಕರಿಸುವುದು ಅದು. (ಈ ಎರಡು ದಾರಿಗಳು ಎದುರುಬದುರು ಕೂತದ್ದನ್ನು ಕೇಳುವ ಆಸೆಯಿದ್ದರೆ, ಬೆಂಗಳೂರಿನ ಕರ್ನಾಟಕ ಕಾಲೇಜ್ ಆಫ್ ಪರ್ಕಶನ್ ತಂಡ, ಅದರ ಗಾಯಕಿ ಆರ್.ಎ. ರಮಾಮಣಿ ಮತ್ತು ಅಮೆರಿಕದ ಸ್ಯಾಕ್ಸೊಫೋನ್ ವಾದಕ ಚಾರ್ಲಿ ಮರಿಯಾನೊ 1983ರಲ್ಲಿ ಧ್ವನಿಮುದ್ರಿಸಿದ 'ಜ್ಯೋತಿ' ಇದೆ.)

ಪದಗಳ ಮಾತು

ಸಾರಾ ಬಗ್ಗೆ ಹಳೆಯ ಆಕ್ಷೇಪ ಒಂದಿದೆ: ಸ್ವರದ ಚೆಲುವಿಗಾಗಿ ಪದದ ಅರ್ಥವನ್ನು ಬಲಿಕೊಡುತ್ತಾರೆ ಎಂದು. ಇನ್ನೊಬ್ಬ ಜಾಝ್ ಗಾಯಕಿ ಬಿಲ್ಲಿ ಹಾಲಿಡೇ ಅವರನ್ನು ಕೇಳಿದವರಿಗೆ ಹಾಗನ್ನಿಸುವುದು ಸಹಜ. ಸಾರಾ ಅವರ ಕೆಲವು ಮುದ್ರಣಗಳಲ್ಲಿ ಆ ಮಾತಿನಲ್ಲಿ ಸತ್ಯವೂ ಇದೆ. ಈ ಆಲ್ಬಮ್‌ನಲ್ಲಿ ಇಲ್ಲ ಎಂಬುದು ನಮ್ಮ ನಿಲುವು, ಆದರೆ ನಂಬಬೇಡಿ, ಪರೀಕ್ಷಿಸಿ. 'ಜಿಮ್' ಹಾಡಿನ ಸಾಹಿತ್ಯವನ್ನು ಮೊದಲು ಜೋರಾಗಿ ಓದಿ. ತನ್ನನ್ನು ಸರಿಯಾಗಿ ನೋಡಿಕೊಳ್ಳದವನನ್ನು ಬಿಡಲಾರದ ಹೆಣ್ಣಿನ ಮಾತು ಅದು. ಯಾವ ಪದಕ್ಕೆ ನೀವು ಒತ್ತು ಕೊಟ್ಟಿರಿ ಎಂದು ಗೆರೆ ಹಾಕಿ. ಆಮೇಲೆ ಸಾರಾ ಅವರದ್ದು ಕೇಳಿ, ಅವರ ಗೆರೆಗಳನ್ನು ಬೇರೆ ಬಣ್ಣದಲ್ಲಿ ಹಾಕಿ. ಎರಡೂ ಕೂಡದ ಜಾಗಗಳಿಗೆ ಹಿಂತಿರುಗಿ, ಅರ್ಥ ಹಾಳಾಯಿತೋ ಬೇರೆ ಅರ್ಥ ಹುಟ್ಟಿತೋ ನೀವೇ ಹೇಳಬಹುದು.

ಎಷ್ಟು ದಿನ, ಯಾವ ಕ್ರಮ

ಹೆಚ್ಚಿನ ಹಾಡುಗಳು ನಿಧಾನಗತಿಯವು. ಸಾಲಾಗಿ ಕೇಳಿದರೆ ಕಿವಿ ದಣಿಯುತ್ತದೆ, ದಿನಕ್ಕೆ ಎರಡಕ್ಕಿಂತ ಹೆಚ್ಚು ಬೇಡ. ಎರಡನೇ ದಿನ 'ಸೆಪ್ಟೆಂಬರ್ ಸಾಂಗ್' ಮತ್ತು 'ಲಲಬೈ'. ಮೂರನೇ ದಿನ 'ಏಪ್ರಿಲ್ ಇನ್ ಪ್ಯಾರಿಸ್' ಒಂದೇ. ಅದು ಆರು ನಿಮಿಷ ದಾಟುತ್ತದೆ. ಜೊತೆಗೆ ಪಿಯಾನೊ ವಾದಕ ಕೌಂಟ್ ಬೇಸಿ ಅವರ ತಂಡ 1955ರಲ್ಲಿ ನುಡಿಸಿದ ಅದೇ ಹಾಡನ್ನೂ ಕೇಳಿ. ದೊಡ್ಡ ತಂಡ, ಗಟ್ಟಿ ನಡೆ, ಮುಗಿಯಿತು ಎನ್ನುವಷ್ಟರಲ್ಲಿ ಬೇಸಿ ಕೂಗಿ ಕೊನೆಯನ್ನು ಮತ್ತೆ ನುಡಿಸುತ್ತಾರೆ. ವಿಲ್ಕಿನ್ಸ್, ಕ್ವಿನಿಶೆಟ್ ಇಬ್ಬರೂ ಬೇಸಿ ತಂಡದಲ್ಲಿ ಇದ್ದವರೇ. ಅದೇ ಮಣ್ಣಿನವರು ಸಾರಾ ಜೊತೆಗೆ ಎಷ್ಟು ತಗ್ಗಿ ನುಡಿಸಿದ್ದಾರೆ ಎಂಬುದು ಆಗ ಎದ್ದು ಕಾಣುತ್ತದೆ. ಉಳಿದ ಐದು ಹಾಡುಗಳಿಗೆ ಮೂರು ದಿನ. ಏಳನೆಯ ದಿನ ಮೊದಲಿನಿಂದ ಕೊನೆಯವರೆಗೆ, ಫೋನ್ ದೂರ ಇಟ್ಟು.

ಒಂದು ನೋಟ್‌ಬುಕ್ ಇಟ್ಟುಕೊಳ್ಳಿ. ಹಾಡಿನ ಹೆಸರು, ನಿಮಿಷ-ಸೆಕೆಂಡ್, ಏನಾಯಿತು, ಅಷ್ಟೇ ಬರೆಯಿರಿ: 'ಸ್ವರ ಸಮವಾಗಿ, ಕೊನೆಗೆ ಅಲೆ', 'ಬಾಸ್ ನಾಲ್ಕಕ್ಕೆ ಹೋಯಿತು', 'ಪದ ತಡ'. 'ಅದ್ಭುತ', 'ಮಧುರ' ಎಂದು ಬರೆಯಬೇಡಿ, ಮುಂದಿನ ಸಲ ಆ ಜಾಗಕ್ಕೆ ಹೋಗಿ ಏನು ಕೇಳಬೇಕು ಎಂದು ಅಂಥ ಪದ ಹೇಳುವುದಿಲ್ಲ.

ಇದು ಮುಗಿದ ಮೇಲೆ ಎರಡು ದಾರಿಗಳಿವೆ. ಸಾರಾ ಅವರನ್ನೇ ಮುಂದುವರಿಸುವುದಾದರೆ 1957ರಲ್ಲಿ ಶಿಕಾಗೊದ ಮಿಸ್ಟರ್ ಕೆಲೀಸ್ ಕ್ಲಬ್ಬಿನಲ್ಲಿ ಜನರ ಮುಂದೆ ಹಾಡಿದ್ದು. ಜೋನ್ಸ್, ಹೇನ್ಸ್ ಅಲ್ಲಿಯೂ ಇದ್ದಾರೆ, ಬಾಸ್ ಮಾತ್ರ ರಿಚರ್ಡ್ ಡೇವಿಸ್. ಅಥವಾ ಕ್ಲಿಫರ್ಡ್ ಬ್ರೌನ್ ಹಿಡಿದು ಹೋಗಿ. ಸಾರಾ ಜೊತೆಗೆ ನುಡಿಸಿದ ವಾರದೊಳಗೆ, ಅದೇ ಡಿಸೆಂಬರಿನಲ್ಲಿ, ಅದೇ ಎಮಾರ್ಸಿಗಾಗಿ ಅವರು ಹೆಲೆನ್ ಮೆರಿಲ್ ಎಂಬ ಗಾಯಕಿಯ ಆಲ್ಬಮ್‌ನಲ್ಲೂ ನುಡಿಸಿದರು. ಪಿಯಾನೊ ಅಲ್ಲಿಯೂ ಜಿಮ್ಮಿ ಜೋನ್ಸ್, ಹೊಂದಾಣಿಕೆ ಬರೆದವರು ಕ್ವಿನ್ಸಿ ಜೋನ್ಸ್. ಮೆರಿಲ್ ಪಿಸುಮಾತಿನ ಹತ್ತಿರಕ್ಕೆ ಹಾಡುತ್ತಾರೆ, ಕಂಪನ ತೀರಾ ಕಡಿಮೆ. ಎರಡೂ ಆಲ್ಬಮ್‌ನಿಂದ ಒಂದೊಂದು ನಿಧಾನದ ಹಾಡು ತೆಗೆದುಕೊಂಡು ಟ್ರಂಪೆಟ್ ಭಾಗ ಮಾತ್ರ ಬೆನ್ನುಬೆನ್ನಿಗೆ ಕೇಳಿ, ಗಾಯಕಿ ಬದಲಾದಾಗ ಬ್ರೌನ್ ತಮ್ಮ ದನಿಯನ್ನು ಎಲ್ಲಿ ಬದಲಿಸಿಕೊಂಡರು ಎಂಬುದನ್ನು ಸೆಕೆಂಡ್ ಸಮೇತ ಗುರುತು ಹಾಕಿ.